ಸತ್ಯಘಟನೆ ಆಧರಿಸಿದ್ದು

ಮೊದಲಿಗೇ ಬರೀತಾರ ಪಡದೆ ಮ್ಯಾಲ, ಬಿಳಿ ಅಕ್ಷರದಾಗ:
ಸತ್ಯಘಟನೆ ಆಧರಿಸಿದ್ದು.
ಹಿಂದಿನ ಸಾಲಿನ ಹುಡುಗರು ಸೀಟಿ ಹೊಡದ್ರು.
ನಾ ಚುರಮುರಿ ಪೊಟ್ಟಣ ಬಿಚ್ಚದೇ ಕುಂತೆ.

ಯಾದಗಿರಿ ಅಂತ ತೋರಿಸಿದ್ದು ಯಾದಗಿರಿ ಅಲ್ಲ.
ಕ್ವಾಟಿ ಬ್ಯಾರೆ, ಗುಡ್ಡದ ಬಣ್ಣ ಬ್ಯಾರೆ,
ಭೀಮಾ ನದಿ ಅಂತ ಯಾವುದೋ ಕೆರಿ.
ಕಚೇರಿ ಹೊರಗ ಧೋ ಅಂತ ಮಳಿ ಸುರಿಸ್ಯಾರ.
ಅವತ್ತು ಮೇ ಹದಿನಾರು. ಡಾಂಬರ್ ಕರಗಿ
ಚಪ್ಪಲಿಗೆ ಹತ್ತುತಿತ್ತು.

ಸಾಯಬಣ್ಣನ ಪಾತ್ರಕ್ಕ ಆರಡಿ ಹುಡುಗ.
ಅಂವ ಆಡೋದು ಟಿವಿಯೊಳಗಿನ ಕನ್ನಡ;
ನಮ್ಮ ಮಾತು ಜವಾನಗ ಕೊಟ್ಟಾರ, ಅಂವ ಬಾಯಿ ತೆರದ್ರ ಸಾಕು
ಟಾಕೀಸೆಲ್ಲ ನಗತದ. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ.

ಪಡದೆ ಮ್ಯಾಲಿನ ಸಾಯಬಣ್ಣ ನಡುರಾತ್ರಿ ಕಿಟಕಿ ಹಾರ್ತಾನ,
ಹಲ್ಲಾಗ ಟಾರ್ಚು, ಕಿಸೆದಾಗ ಪೆನ್‌ಡ್ರೈವು.
ಖರೇ ಸಾಯಬಣ್ಣ ಬಂದದ್ದು ಮಧ್ಯಾಹ್ನ ಎರಡೂವರಿಗೆ,
ಊಟದ ಹೊತ್ತಿನ್ಯಾಗ, ಬುತ್ತಿ ಚೀಲ ಹಿಡದು.
ಚೀಲದಾಗ ರೊಟ್ಟಿ ಇರಲಿಲ್ಲ. ಹಾಸ್ಟೆಲಿನ ದಾಸ್ತಾನು ರಿಜಿಸ್ಟರ್ ಇತ್ತು:
ಅರವತ್ತೊಂದು ಹುಡುಗರಿಗೆ ಸಾವಿರದಾ ನೂರಾ ನಲವತ್ತು ಕಂಬಳಿ,
ಎಲ್ಲಾ ಕಾಗದದಾಗೇ ನೇಯ್ದದ್ದು.
ಪುಟಕ್ಕೆಲ್ಲ ಶೇಂಗಾ ಹಿಂಡಿ ವಾಸನಿ.

ಅದಕ್ಕೂ ಮೊದಲು ಎರಡು ಸಲ ಬಂದು ತಿರುಗಿ ಹೋಗಿದ್ದ.
ಒಮ್ಮೆ ಚಾ ಕುಡದು ಹೋದ. ಇನ್ನೊಮ್ಮೆ ಮಗಳ ಆಧಾರ್ ಕಾರ್ಡ್
ಜೆರಾಕ್ಸ್ ಮಾಡಿಸಿ, ಎರಡು ರೂಪಾಯಿ ಇಟ್ಟು ಹೋದ.
ಸಿನಿಮಾದಾಗ ಅಂವ ಅಂಜೋದೇ ಇಲ್ಲ.
ಮೊದಲಿನ ಎರಡು ಬಿಲ್ಲಿಗೆ ಅಂವನ ಸಹಿ ಇದ್ದದ್ದೂ ಇಲ್ಲ.
ಆ ಸಹಿ ನಾ ನೋಡೀನಿ. ನೀಲಿ ಶಾಯಿ,
'ಸಾ' ಅನ್ನೋದು ನಡುಗಿದಂಗ.

ಇನ್ನೂರಾ ಹನ್ನೆರಡು ಪುಟ. ರೊಕ್ಕ ತಗೊಂಡೆ, ಬಿಟ್ಟಿಲ್ಲ.
ಆದ್ರ ಸಿನಿಮಾದವರು ಕಳಿಸಿದ ಹುಡುಗಿ
ನೋಟ್‌ಬುಕ್ ಹಿಡದು ಮೂರು ದಿನ ಅಂಗಡ್ಯಾಗ ಕುಂತಾಗ
'ಅಂಥವನ ಕಡಿಂದ ರೊಕ್ಕ ಹೆಂಗ ತಗೊಳ್ಲಿ ಮೇಡಂ' ಅಂದಿದ್ದೆ.
ಆಕಿ ಬರಕೊಂಡ್ಳು, ತಳಗ ಗೀಟು ಎಳದು.
ಚೊಲೋ ಹುಡುಗಿ. ಪ್ರತಿಯೊಂದಕ್ಕೂ 'ಇದು ಖಂಡಿತಾನಾ?' ಅಂತಿದ್ಳು.
ಅಂಗಡಿ ಗ್ವಾಡಿ ಬಣ್ಣ ಕೇಳಿದ್ಳು, ಸಾಯಬಣ್ಣನ ಚಪ್ಪಲಿ ಕೇಳಿದ್ಳು.
'ಅವರ ಹೆಸರು ಹೊರಗೆ ಹೋಗಿದ್ದು ಹೇಗೆ?' ಅಂತನೂ ಕೇಳಿದ್ಳು.
ಮಷಿನ್ ಬಿಸಿ ಆಗ್ಯದ, ತಡೀರಿ, ಅಂತ ಎದ್ದು ಹೋದೆ.

ಸಿನಿಮಾದಾಗ ಅದಕ್ಕೊಬ್ಬ ಖಳನಾಯಕ ಸಿಕ್ಕಾನ.
ಕಂಪ್ಯೂಟರ್ ಮುಂದ ಕುಂತು ಪಾಸ್‌ವರ್ಡ್ ಮುರೀತಾನ,
ಬಂಗಾರದ ಹಲ್ಲು. ನನ್ನ ಬಾಜೂ ಕುಂತ ಮುದುಕಿ
'ನಿನ್ನ ಬಾಯಾಗ ಮಣ್ಣ ಬೀಳ್ಲಿ' ಅಂದ್ಳು.
ನಾ ಬಾಯಿ ವರಸಿಕೊಂಡೆ.

ಕಂಪ್ಯೂಟರ್ ಇರಲೇ ಇಲ್ಲ. ನನ್ನ ಮಷಿನಿನ ಡ್ರಮ್ಮಿಗೆ ಒಂದು ಗೀರು ಇತ್ತು,
ಕೂದಲೆಳಿಯಷ್ಟು. ಪ್ರತಿ ಪುಟದ ಬಲಕ್ಕ
ಮ್ಯಾಲಿಂದ ತಳತನ ಕರಿ ಗೀಟು ಬೀಳ್ತಿತ್ತು.
ಇಬ್ಬರು ಬಂದ್ರು. ಹೊಡೀಲಿಲ್ಲ, ಬೈಲಿಲ್ಲ.
ಒಂದು ಖಾಲಿ ಹಾಳಿ ಇಟ್ಟು 'ತೆಗಿ' ಅಂದ್ರು.
ತೆಗದೆ. ಗೀಟು ಬಂತು.
'ಯಾರು?' ಅಂದ್ರು.
ಅಂಗಡಿ ಪರವಾನಗಿ ಮಾರ್ಚಿಗೇ ಮುಗದಿತ್ತು.
ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಸಿಗಲಿ ಅಂತ
ಎಷ್ಟೋ ರಾತ್ರಿ ಹುಡುಕೀನಿ.

ಸಿನಿಮಾ ಬಿಟ್ಟಾಗ ಸಾಯಬಣ್ಣ ಸೈಕಲ್ ಸ್ಟ್ಯಾಂಡಿನ ಹತ್ರ ನಿಂತಿದ್ದ.
ಈಗ ಸುರಪುರದಾಗ ನೌಕರಿ, ಕೂದಲ ಬೆಳ್ಳಗಾಗ್ಯಾವ.
ಯಾರೂ ಗುರುತು ಹಿಡೀಲಿಲ್ಲ. ಆರಡಿ ಇಲ್ಲಲ್ಲ.
'ಹೆಂಗಿತ್ತು?' ಅಂದೆ.
'ಮಳಿ ಚೊಲೋ ಇತ್ತು' ಅಂದ.
ಬೀಡಿ ಮುಗಿಯೋತನ ಸುಮ್ಮನಿದ್ದು
'ಆ ಗೀಟು ಇನ್ನಾ ಬೀಳ್ತದೇನೋ ಮಶಾಕ?'

ಡ್ರಮ್ಮು ಎಂದೋ ಬದಲಿ ಮಾಡೀನಿ.
'ಬೀಳ್ತದ' ಅಂದೆ.